ಜೀವ ಉಳಿಸಿದ ಉಪ್ಪು-ಸಕ್ಕರೆ ನೀರು

ನಿಮ್ಮ ಊರಿನ ಅಂಗನವಾಡಿಯಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಪುಟ್ಟ ಪೊಟ್ಟಣವನ್ನು ನೀವು ನೋಡಿರಬಹುದು. ಅದರ ಮೇಲೆ ಓ.ಆರ್.ಎಸ್. ಎಂದು ಬರೆದಿರುತ್ತದೆ. ಒಳಗೆ ಬಿಳಿಯ ಪುಡಿ. ಮನೆಯಲ್ಲಿ ಯಾವುದಾದರೂ ಮಗುವಿಗೆ ಭೇದಿ ಶುರುವಾದರೆ ಆಶಾ ಕಾರ್ಯಕರ್ತೆ ಈ ಪೊಟ್ಟಣವನ್ನು ಕೊಟ್ಟು, "ಪುಡಿಯನ್ನು ಪೂರ್ತಿಯಾಗಿ ನೀರಿಗೆ ಹಾಕಿ ಕದಡಿ. ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಇರಿ" ಎಂದು ಹೇಳುತ್ತಾರೆ.

ಪುಡಿಯ ರುಚಿ ನೋಡಿದರೆ ಸ್ವಲ್ಪ ಉಪ್ಪು, ಸ್ವಲ್ಪ ಸಿಹಿ. ಇದೇನು ಮಹಾ ಔಷಧ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ಉಪ್ಪು-ಸಿಹಿ ನೀರು ಜಗತ್ತಿನಲ್ಲಿ 5 ಕೋಟಿಗೂ ಹೆಚ್ಚು ಜೀವಗಳನ್ನು ಉಳಿಸಿದೆ ಎಂದು ಅಂದಾಜು ಮಾಡಲಾಗಿದೆ. ಅವರಲ್ಲಿ ಹೆಚ್ಚಿನವರು ನಿಮಗಿಂತ ಚಿಕ್ಕ ಮಕ್ಕಳು.

ಇಷ್ಟು ಸರಳವಾದ ಔಷಧವನ್ನು ಕಂಡುಹಿಡಿಯಲು ವೈದ್ಯರಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಯಾಕೆ? ಆ ಕಥೆಯನ್ನು ಈಗ ತಿಳಿಯೋಣ.

ಭೇದಿಯಾದರೆ ಜೀವಕ್ಕೆ ಅಪಾಯ ಏಕೆ?

ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರು. 30 ಕಿಲೋಗ್ರಾಂ ತೂಕದ ಹುಡುಗ ಅಥವಾ ಹುಡುಗಿಯ ದೇಹದಲ್ಲಿ ಸುಮಾರು 18 ಕಿಲೋಗ್ರಾಂ ನೀರೇ ಇರುತ್ತದೆ. ರಕ್ತ ಹರಿಯಲು, ಬೆವರು ಬರಲು, ಮೂತ್ರದ ಮೂಲಕ ಕಶ್ಮಲ ಹೊರಹೋಗಲು ನೀರು ಬೇಕು. ಈ ನೀರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳು ಕರಗಿರುತ್ತವೆ. ಹೃದಯ ಬಡಿಯಲು, ಸ್ನಾಯುಗಳು ಕೆಲಸ ಮಾಡಲು ಈ ಲವಣಗಳು ಅಗತ್ಯ.

ದೊಡ್ಡವರೊಬ್ಬರ ಕರುಳಿಗೆ ದಿನವೊಂದಕ್ಕೆ ಸುಮಾರು 9 ಲೀಟರ್ ದ್ರವ ಬರುತ್ತದೆ. ಇಷ್ಟೊಂದು ನೀರನ್ನು ಯಾರು ಕುಡಿಯುತ್ತಾರೆ ಎಂದು ಕೇಳುವಿರಾ? ನಾವು ಕುಡಿದ ನೀರು ಮತ್ತು ಆಹಾರದಲ್ಲಿರುವ ನೀರು ಸೇರಿ ಸುಮಾರು 2 ಲೀಟರ್ ಮಾತ್ರ. ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ ಮುಂತಾಗಿ ದೇಹವೇ ಜೀರ್ಣಕ್ರಿಯೆಗಾಗಿ ಸುರಿಸುವ ರಸಗಳು. ಆರೋಗ್ಯವಾಗಿದ್ದಾಗ ಕರುಳು ಇದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮತ್ತೆ ಹೀರಿಕೊಂಡು ರಕ್ತಕ್ಕೆ ಸೇರಿಸುತ್ತದೆ. ಮಲದಲ್ಲಿ ಹೊರಹೋಗುವ ನೀರು ಒಂದು ಲೋಟದಷ್ಟೂ ಇರುವುದಿಲ್ಲ.

ಭೇದಿಯಾದಾಗ ಈ ಲೆಕ್ಕ ತಪ್ಪುತ್ತದೆ. ಭೇದಿಯ ರೋಗಗಳಲ್ಲೆಲ್ಲ ಬಹಳ ಭೀಕರವಾದದ್ದು ಕಾಲರಾ. ಕಾಲರಾ ರೋಗಾಣುಗಳು ಕೊಳಕು ನೀರಿನ ಮೂಲಕ ಹೊಟ್ಟೆ ಸೇರುತ್ತವೆ. ಸಣ್ಣ ಕರುಳಿನಲ್ಲಿ ನೆಲೆಸಿ ಒಂದು ವಿಷವನ್ನು ಸ್ರವಿಸುತ್ತವೆ. ಈ ವಿಷದ ಪರಿಣಾಮವಾಗಿ ಕರುಳಿನ ಜೀವಕೋಶಗಳು ದೇಹದ ನೀರನ್ನೂ ಲವಣಗಳನ್ನೂ ಕರುಳಿನೊಳಕ್ಕೆ ಸುರಿಯತೊಡಗುತ್ತವೆ. ರೋಗ ತೀವ್ರವಾದಾಗ ರೋಗಿ ಒಂದು ಗಂಟೆಗೆ ಒಂದು ಲೀಟರಿನಷ್ಟು ನೀರನ್ನೂ ಕಳೆದುಕೊಳ್ಳಬಹುದು. ಈ ವಿಷದ ಇರವನ್ನು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ವಿಜ್ಞಾನಿ ಡಾ. ಶಂಭುನಾಥ್ ಡೇ.

ಹೀಗೆ ದೇಹದಲ್ಲಿ ನೀರು ಮತ್ತು ಲವಣಗಳು ಕಡಿಮೆಯಾಗುವುದನ್ನು ನಿರ್ಜಲೀಕರಣ ಎನ್ನುತ್ತೇವೆ. ರಕ್ತ ಮಂದವಾಗುತ್ತದೆ. ನಾಡಿ ಕ್ಷೀಣಿಸುತ್ತದೆ. ಕಣ್ಣು ಗುಳಿ ಬೀಳುತ್ತದೆ. 30 ಕಿಲೋಗ್ರಾಂ ತೂಕದ ಮಗು 3 ಲೀಟರ್ ನೀರನ್ನು ಕಳೆದುಕೊಂಡರೆ ಅದರ ಜೀವವೇ ಅಪಾಯಕ್ಕೆ ಸಿಲುಕುತ್ತದೆ. ಗಮನಿಸಿ, ಕಾಲರಾ ರೋಗಿಯ ಜೀವ ತೆಗೆಯುವುದು ಹೆಚ್ಚಾಗಿ ರೋಗಾಣುವಲ್ಲ, ನೀರಿನ ಕೊರತೆ. ಕಳೆದುಹೋದ ನೀರು ಮತ್ತು ಲವಣಗಳನ್ನು ತುಂಬಿಕೊಟ್ಟರೆ ದೇಹ ಕೆಲವೇ ದಿನಗಳಲ್ಲಿ ರೋಗಾಣುಗಳನ್ನು ತಾನೇ ಹೊರಹಾಕುತ್ತದೆ.

ರಕ್ತನಾಳದ ಮೂಲಕ ನೀರು

1831-32ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಕಾಲರಾ ಹರಡಿತು. ವಿಲಿಯಂ ಓ'ಶಾನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣಗಳು ಕಡಿಮೆಯಾಗಿವೆ ಎಂದು ಕಂಡುಕೊಂಡರು. ಅದನ್ನು ಓದಿದ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಾಟಾ 1832ರಲ್ಲಿ ಒಂದು ಸಾಹಸ ಮಾಡಿದರು. ಸಾಯುವ ಸ್ಥಿತಿಯಲ್ಲಿದ್ದ ವೃದ್ಧೆಯೊಬ್ಬರ ರಕ್ತನಾಳದೊಳಕ್ಕೆ ಉಪ್ಪುನೀರನ್ನು ನಿಧಾನವಾಗಿ ಹರಿಸಿದರು. ಆಕೆ ಕಣ್ಣುಬಿಟ್ಟು ಚೇತರಿಸಿಕೊಂಡರು. ಆದರೆ ಭೇದಿ ನಿಂತಿರಲಿಲ್ಲ. ಲಾಟಾ ಅಲ್ಲಿಂದ ಹೊರಟ ಮೇಲೆ ಯಾರೂ ಮತ್ತೆ ನೀರು ಹರಿಸಲಿಲ್ಲ. ಕೆಲವು ಗಂಟೆಗಳಲ್ಲಿ ಆಕೆ ತೀರಿಕೊಂಡರು.

ಈ ಘಟನೆಯಿಂದ ಎರಡು ಪಾಠಗಳು ದೊರೆತವು. ಒಂದು, ನೀರು ಮತ್ತು ಲವಣ ಕೊಟ್ಟರೆ ರೋಗಿ ಬದುಕಬಲ್ಲ. ಎರಡು, ನೀರು ಹೋಗುತ್ತಿರುವವರೆಗೂ ಕೊಡುತ್ತಲೇ ಇರಬೇಕು.

ಇಂದು ಆಸ್ಪತ್ರೆಯಲ್ಲಿ ಮಂಚದ ಪಕ್ಕ ಬಾಟಲಿ ನೇತುಹಾಕಿ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕುವುದನ್ನು ನೀವು ಕಂಡಿದ್ದೀರಿ. ನಮ್ಮ ಹಳ್ಳಿಗಳಲ್ಲಿ ಇದನ್ನೇ "ಗ್ಲೂಕೋಸ್ ಹಾಕುವುದು" ಎನ್ನುತ್ತಾರೆ. ಈ ವಿಧಾನ ಬಹಳ ಉತ್ತಮವಾದದ್ದೇ. ಆದರೆ ಇದಕ್ಕೆ ಕಷ್ಟಗಳೂ ಇವೆ. ರಕ್ತಕ್ಕೆ ನೇರವಾಗಿ ಸೇರುವ ನೀರಿನಲ್ಲಿ ಒಂದು ರೋಗಾಣುವೂ ಇರಬಾರದು. ಸ್ವಚ್ಛವಾದ ಸೂಜಿ, ಕೊಳವೆ, ಬಾಟಲಿ ಬೇಕು. ನಾಳವನ್ನು ಹುಡುಕಿ ಸೂಜಿ ಚುಚ್ಚಬಲ್ಲ ತರಬೇತಿ ಪಡೆದವರು ಬೇಕು. ಒಬ್ಬ ಕಾಲರಾ ರೋಗಿಗೆ ಹತ್ತಾರು ಬಾಟಲಿಗಳು ಬೇಕಾಗಬಹುದು. ಆಸ್ಪತ್ರೆಯಿಂದ ದೂರವಿರುವ ಬಡವರಿಗೆ ಇದೆಲ್ಲ ಸಿಗುವುದು ಹೇಗೆ?

ನೀರನ್ನು ಬಾಯಿಂದಲೇ ಕುಡಿಸಬಾರದೇಕೆ ಎಂದು ನೀವು ಕೇಳಬಹುದು. ವೈದ್ಯರು ಅದನ್ನೂ ಮಾಡಿ ನೋಡಿದ್ದರು. ಬರಿಯ ನೀರು ಕುಡಿಸಿದರೂ ಉಪ್ಪುನೀರು ಕುಡಿಸಿದರೂ ಅದು ಭೇದಿಯಲ್ಲೇ ಹೊರಟುಹೋಗುತ್ತಿತ್ತು. ಕರುಳು ಹೀರಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿದೆ, ಆದ್ದರಿಂದ ಹೊಟ್ಟೆಗೆ ಏನನ್ನೂ ಕೊಡದೆ ವಿಶ್ರಾಂತಿ ಕೊಡಬೇಕು ಎಂದು ಬಹಳ ಮಂದಿ ನಂಬಿದ್ದರು.

ಜೋಡಿ ಬಂದರೆ ಮಾತ್ರ ತೆರೆಯುವ ಬಾಗಿಲು

1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಒಂದು ಹೊಸ ವಿಚಾರವನ್ನು ಮುಂದಿಟ್ಟರು. ನಾವು ತಿಂದ ಆಹಾರದಲ್ಲಿರುವ ಗ್ಲೂಕೋಸ್ ಎಂಬ ಸಕ್ಕರೆ ಕರುಳಿನಿಂದ ಜೀವಕೋಶದೊಳಕ್ಕೆ ಹೇಗೆ ಹೋಗುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅವರು ಕಂಡುಕೊಂಡ ಉತ್ತರ ಹೀಗಿತ್ತು: ಕರುಳಿನ ಜೀವಕೋಶದ ಪೊರೆಯಲ್ಲಿ ಒಂದು ವಿಶೇಷ ಬಾಗಿಲು ಇದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಅದು ಎರಡನ್ನೂ ಒಳಕ್ಕೆ ದಾಟಿಸುತ್ತದೆ.

ಜಾತ್ರೆಯ ದೊಡ್ಡ ತೊಟ್ಟಿಲನ್ನು ನೆನಪಿಸಿಕೊಳ್ಳಿ. ಒಬ್ಬರೇ ಬಂದರೆ ಆಟದವನು "ಇನ್ನೊಬ್ಬರು ಬರಲಿ" ಎಂದು ನಿಲ್ಲಿಸುತ್ತಾನೆ. ಜೋಡಿಯಾದ ಕೂಡಲೆ ಹತ್ತಿಸಿಕೊಳ್ಳುತ್ತಾನೆ. ಕರುಳಿನ ಈ ಬಾಗಿಲೂ ಹಾಗೆಯೇ. ಉಪ್ಪಿನಲ್ಲಿ ಸೋಡಿಯಂ ಇದೆ. ಉಪ್ಪಿನ ಜೊತೆ ಗ್ಲೂಕೋಸ್ ಇದ್ದರೆ ಎರಡೂ ಒಳಕ್ಕೆ ಹೋಗುತ್ತವೆ. ಅವು ಹೋದ ಕಡೆಗೆ ನೀರೂ ಹಿಂಬಾಲಿಸುತ್ತದೆ.

ಇನ್ನೊಂದು ಮುಖ್ಯ ಸಂಗತಿಯಿದೆ. ಕಾಲರಾ ವಿಷ ಕರುಳಿನ ಎಷ್ಟೋ ಕೆಲಸಗಳನ್ನು ಕೆಡಿಸಿದರೂ ಈ ಜೋಡಿ ಬಾಗಿಲನ್ನು ಕೆಡಿಸುವುದಿಲ್ಲ. ಅಂದರೆ ಭೇದಿ ಆಗುತ್ತಿರುವಾಗಲೂ ಈ ಬಾಗಿಲಿನಿಂದ ನೀರನ್ನು ದೇಹಕ್ಕೆ ಸೇರಿಸಬಹುದು. ಬರಿಯ ಉಪ್ಪುನೀರು ಏಕೆ ಉಪಯೋಗಕ್ಕೆ ಬರಲಿಲ್ಲ ಎಂಬುದು ಈಗ ನಿಮಗೆ ಅರ್ಥವಾಗಿರಬೇಕು. ಅದರಲ್ಲಿ ಜೊತೆಗಾರ ಗ್ಲೂಕೋಸ್ ಇರಲಿಲ್ಲ.

ಅಳೆದು ನೋಡಿದ ವೈದ್ಯರು

ಕೋಲ್ಕತ್ತದ ಡಾ. ಹೇಮೇಂದ್ರನಾಥ್ ಚಟರ್ಜಿ ಅವರು 1953ರಲ್ಲೇ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕಾಲರಾ ರೋಗಿಗಳಿಗೆ ಕುಡಿಸಿ ಗುಣಪಡಿಸಿದ್ದರು. ಅದನ್ನು ಪ್ರಕಟಿಸಿಯೂ ಇದ್ದರು. ಆದರೆ ಅದು ಏಕೆ ಕೆಲಸ ಮಾಡುತ್ತದೆ ಎಂಬ ವಿವರಣೆ ಆಗ ಇರಲಿಲ್ಲ. ರೋಗಿ ಎಷ್ಟು ನೀರು ಕಳೆದುಕೊಂಡ, ಎಷ್ಟು ಕುಡಿದ ಎಂಬ ಅಳತೆಯ ಲೆಕ್ಕವೂ ಸಾಕಷ್ಟಿರಲಿಲ್ಲ. ಹಾಗಾಗಿ ಜಗತ್ತು ಅದರ ಕಡೆ ಗಮನ ಕೊಡಲಿಲ್ಲ.

1960ರ ದಶಕದ ಆರಂಭದಲ್ಲಿ ಫಿಲಿಪೀನ್ಸ್‌ನಲ್ಲಿ ಗ್ಲೂಕೋಸ್ ಸೇರಿಸಿದ ಉಪ್ಪುನೀರನ್ನು ಪರೀಕ್ಷಿಸಲಾಯಿತು. ಮೊದಲು ಆಸೆ ಹುಟ್ಟಿಸಿದ ಆ ಪ್ರಯತ್ನದಲ್ಲಿ ಮುಂದೆ ಕೆಲವು ರೋಗಿಗಳು ತೀರಿಕೊಂಡರು. ದ್ರಾವಣದ ಅಳತೆ ಸರಿಹೊಂದಿರಲಿಲ್ಲ. ವಿಚಾರ ಸರಿಯಾಗಿದ್ದರೂ ಅಳತೆ ತಪ್ಪಿದರೆ ಅಪಾಯ ಎಂಬುದು ಇದರಿಂದ ತಿಳಿಯಿತು.

ಈ ಅಳತೆಯ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರು ಢಾಕಾ ನಗರದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಇಬ್ಬರು ತರುಣ ವೈದ್ಯರು. ಅವರೇ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್. ಢಾಕಾ ಈಗ ಬಾಂಗ್ಲಾದೇಶದ ರಾಜಧಾನಿ. ಆಗ ಅದು ಪೂರ್ವ ಪಾಕಿಸ್ತಾನದಲ್ಲಿತ್ತು.

ಅಲ್ಲಿ ಕಾಲರಾ ಮಂಚ ಎಂಬ ಸರಳ ಸಾಧನವಿತ್ತು. ಕ್ಯಾನ್ವಾಸ್ ಬಟ್ಟೆಯ ಮಂಚ, ಅದರ ನಡುವೆ ಒಂದು ರಂಧ್ರ, ರಂಧ್ರದ ಕೆಳಗೆ ಅಳತೆಯ ಗುರುತುಗಳಿದ್ದ ಒಂದು ಬಕೆಟ್. ಸುಸ್ತಾದ ರೋಗಿ ಎದ್ದು ಹೋಗಬೇಕಾಗಿಲ್ಲ. ಎಷ್ಟು ನೀರು ಹೋಯಿತು ಎಂಬುದನ್ನು ದಾದಿಯರು ಬಕೆಟ್ ನೋಡಿಯೇ ಬರೆದುಕೊಳ್ಳಬಹುದು. ಅಸಹ್ಯವೆನಿಸುವ ಕೆಲಸವೇ ಸರಿ. ಆದರೆ ಈ ಬಕೆಟ್‌ನ ಲೆಕ್ಕವಿಲ್ಲದೆ ಈ ಸಂಶೋಧನೆ ಸಾಧ್ಯವಿರಲಿಲ್ಲ.

1968ರಲ್ಲಿ ನಾಲಿನ್ ಮತ್ತು ಕ್ಯಾಶ್ ತೀವ್ರ ಕಾಲರಾ ಆಗಿದ್ದ 29 ರೋಗಿಗಳ ಮೇಲೆ ಪರೀಕ್ಷೆ ನಡೆಸಿದರು. ಮೊದಲು ಎಲ್ಲರಿಗೂ ಡ್ರಿಪ್ ಕೊಟ್ಟು ನಾಡಿ ಸರಿಯಾಗುವಂತೆ ಮಾಡಿದರು. ಆಮೇಲೆ ಕೆಲವರಿಗೆ ಡ್ರಿಪ್ಪನ್ನೇ ಮುಂದುವರಿಸಿದರು. ಉಳಿದವರಿಗೆ ಗ್ಲೂಕೋಸ್ ಮತ್ತು ಲವಣಗಳ ದ್ರಾವಣವನ್ನು ಹೊಟ್ಟೆಗೆ ಕೊಟ್ಟರು. ಎಷ್ಟು ಕೊಡಬೇಕು? ಬಕೆಟ್‌ನಲ್ಲಿ ಎಷ್ಟು ಹೋಗಿದೆಯೋ ಅದಕ್ಕೆ ತಕ್ಕಷ್ಟು. ಇದೇ ಅವರ ಸರಳ ನಿಯಮ. ದ್ರಾವಣ ಪಡೆದವರಿಗೆ ಬೇಕಾದ ಡ್ರಿಪ್‌ನ ಪ್ರಮಾಣ ಶೇಕಡಾ 80ರಷ್ಟು ಕಡಿಮೆಯಾಯಿತು. ಅದೇ ಸಮಯದಲ್ಲಿ ಕೋಲ್ಕತ್ತದಲ್ಲಿಯೂ ನಥೇನಿಯಲ್ ಪಿಯರ್ಸ್ ಮತ್ತು ಅವರ ಸಂಗಡಿಗರು ಇಂಥದೇ ಪರೀಕ್ಷೆಗಳನ್ನು ನಡೆಸುತ್ತಿದ್ದರು. ಆ ತಂಡದಲ್ಲಿ ದಿಲೀಪ್ ಮಹಲನಬಿಸ್ ಎಂಬ ಬಂಗಾಳಿ ಮಕ್ಕಳ ವೈದ್ಯರೂ ಇದ್ದರು.

ಆದರೂ ಒಂದು ಸಂದೇಹ ಉಳಿದಿತ್ತು. ಇದೆಲ್ಲ ನಡೆದದ್ದು ಒಳ್ಳೆಯ ಆಸ್ಪತ್ರೆಯಲ್ಲಿ, ತಜ್ಞರ ಕಣ್ಣೆದುರಿಗೆ. ತಜ್ಞರಿಲ್ಲದ ಕಡೆ, ಸಾವಿರಾರು ಮಂದಿಗೆ ಒಮ್ಮೆಲೇ ರೋಗ ಬಂದರೆ ಇದು ನಡೆದೀತೆ?

ಬೊಂಗಾವ್‌ನಲ್ಲಿ ನಡೆದದ್ದು

1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧ ನಡೆಯಿತು. ಸುಮಾರು ಒಂದು ಕೋಟಿ ಜನ ಮನೆಮಠ ಬಿಟ್ಟು ಭಾರತಕ್ಕೆ ಬಂದರು. ನಿರಾಶ್ರಿತರ ಶಿಬಿರಗಳಲ್ಲಿ ಶುದ್ಧ ನೀರಿಲ್ಲ, ಶೌಚಾಲಯಗಳಿಲ್ಲ. ಜೊತೆಗೆ ಮಳೆಗಾಲ. ಕಾಲರಾ ಕಾಡ್ಗಿಚ್ಚಿನಂತೆ ಹರಡಿತು.

ಪಶ್ಚಿಮ ಬಂಗಾಳದ ಗಡಿಯ ಬಳಿ ಬೊಂಗಾವ್ ಎಂಬ ಪಟ್ಟಣವಿದೆ. ಜೂನ್ ತಿಂಗಳಲ್ಲಿ ಡಾ. ಮಹಲನಬಿಸ್ ಅಲ್ಲಿಯ ಆಸ್ಪತ್ರೆಗೆ ಬಂದರು. ಕಾಲರಾ ರೋಗಿಗಳಿಗಾಗಿ ಇದ್ದ ಎರಡು ಕೋಣೆಗಳು ಕಿಕ್ಕಿರಿದಿದ್ದವು. ಮಂಚ ಸಿಗದವರು ನೆಲದ ಮೇಲೆ ಮಲಗಿದ್ದರು. ನೆಲದ ತುಂಬ ಭೇದಿ, ವಾಂತಿ. ಡ್ರಿಪ್ ಹಾಕಬೇಕಾದರೆ ವೈದ್ಯರು ಅದರಲ್ಲೇ ಮಂಡಿಯೂರಿ ಕೂರಬೇಕಿತ್ತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಹಾಕಲು ಬಲ್ಲವರೂ ಬೆರಳೆಣಿಕೆಯಷ್ಟು ಮಂದಿ. ಎರಡು ದಿನಗಳಲ್ಲೇ ಡಾ. ಮಹಲನಬಿಸ್ ಅವರಿಗೆ ಪರಿಸ್ಥಿತಿ ಕೈಮೀರುತ್ತಿದೆ ಎಂದು ಅರಿವಾಯಿತು.

ಈಗ ಅವರು ಒಂದು ನಿರ್ಧಾರ ಮಾಡಬೇಕಿತ್ತು. ಕುಡಿಸುವ ದ್ರಾವಣವನ್ನು ಇಂಥ ಸ್ಥಳದಲ್ಲಿ ಯಾರೂ ಬಳಸಿ ನೋಡಿರಲಿಲ್ಲ. ಸೋತರೆ ಜನ ಸಾಯುತ್ತಾರೆ, ಹೊಣೆ ಅವರದು. ಬಳಸದಿದ್ದರೂ ಜನ ಸಾಯುತ್ತಲೇ ಇದ್ದಾರೆ. ಅವರು ಬಳಸಲು ನಿರ್ಧರಿಸಿದರು.

ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಇದೇ ಅವರ ದ್ರಾವಣ. ಮೂರೂ ವಸ್ತುಗಳು ಮಾರುಕಟ್ಟೆಯಲ್ಲಿ ಸಿಗುವಂಥವು. ಕೋಲ್ಕತ್ತದ ತಮ್ಮ ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯನ್ನೇ ತಯಾರಿಕಾ ಘಟಕವಾಗಿ ಮಾಡಿಕೊಂಡರು. ಪುಡಿಗಳನ್ನು ತೂಗಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಮುಚ್ಚಿದರು. ಚೀಲಗಳನ್ನು ಬೊಂಗಾವ್‌ಗೆ ಸಾಗಿಸಿ, ನಲ್ಲಿಯಿದ್ದ ಡ್ರಮ್‌ಗಳಲ್ಲಿ ಕುಡಿಯುವ ನೀರಿಗೆ ಬೆರೆಸಿದರು. ಒಂದು ಲೀಟರಿಗೆ ಬೇಕಾದ ವಸ್ತುಗಳಿಗೆ ಆದ ಖರ್ಚು ಆಗಿನ 11 ಪೈಸೆ!

ಕುಡಿಸುವವರು ಯಾರು? ರೋಗಿಗಳ ಅಮ್ಮ, ಅಪ್ಪ, ಅಕ್ಕ, ಅಣ್ಣ. ಅವರು ಲೋಟ, ಚೊಂಬು ಹಿಡಿದು ಬಂದು ಡ್ರಮ್ಮಿನಿಂದ ದ್ರಾವಣ ತುಂಬಿಸಿಕೊಂಡು ಹೋಗಿ ತಮ್ಮವರಿಗೆ ಕುಡಿಸಿದರು. ಇದ್ದ ಅಲ್ಪಸ್ವಲ್ಪ ಡ್ರಿಪ್ಪನ್ನು ಪ್ರಜ್ಞೆ ತಪ್ಪಿದವರಿಗೆ, ಕುಡಿಯಲಾರದ ತೀವ್ರ ರೋಗಿಗಳಿಗೆ ಮೀಸಲಿಟ್ಟರು.

ಎಂಟು ವಾರಗಳಲ್ಲಿ 3,000ಕ್ಕೂ ಹೆಚ್ಚು ರೋಗಿಗಳಿಗೆ ಹೀಗೆ ಚಿಕಿತ್ಸೆ ನಡೆಯಿತು. ಮೊದಲು 100 ರೋಗಿಗಳಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದರು. ದ್ರಾವಣ ಕೊಡಲು ಆರಂಭಿಸಿದ ಮೇಲೆ ಈ ಸಂಖ್ಯೆ 4ಕ್ಕಿಂತಲೂ ಕಡಿಮೆಯಾಯಿತು. ತಜ್ಞರಲ್ಲದವರೂ, ಓದುಬರಹ ತಿಳಿಯದವರೂ ಈ ಚಿಕಿತ್ಸೆಯನ್ನು ಕೊಡಬಲ್ಲರು ಎಂಬುದು ಸಿದ್ಧವಾಯಿತು. ಇದುವರೆಗೆ ಬರಿದೇ ನಿಂತು ನೋಡುತ್ತಿದ್ದ ತಾಯಿ ಈಗ ತನ್ನ ಮಗುವಿನ ಶುಶ್ರೂಷೆಯನ್ನು ತಾನೇ ಮಾಡುವಂತಾದಳು.

ಮನೆಮನೆಗೆ ತಲುಪಿದ ಚಿಕಿತ್ಸೆ

ಈ ಫಲಿತಾಂಶವನ್ನು ಎಲ್ಲರೂ ಕೂಡಲೆ ಒಪ್ಪಲಿಲ್ಲ. ಇಷ್ಟು ಸುಲಭದ್ದು ಔಷಧವಾಗುವುದು ಹೇಗೆ ಎಂದು ಅನೇಕ ವೈದ್ಯರು ಅನುಮಾನಿಸಿದರು. ಬೊಂಗಾವ್‌ನ ಕೆಲಸವನ್ನು ಕಣ್ಣಾರೆ ಕಂಡಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಡಾ. ಧೀಮಾನ್ ಬರುವಾ ಇದರ ಪರವಾಗಿ ನಿಂತರು. 1970ರ ದಶಕ ಮುಗಿಯುವ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಈ ದ್ರಾವಣವನ್ನು ಜಗತ್ತಿನ ಎಲ್ಲೆಡೆ ಹರಡುವ ಕಾರ್ಯಕ್ರಮ ಹಮ್ಮಿಕೊಂಡವು. ದ್ರಾವಣಕ್ಕೆ ಪೊಟ್ಯಾಸಿಯಂ ಲವಣವನ್ನೂ ಸೇರಿಸಲಾಯಿತು. ಕಾಲರಾಕ್ಕೆ ಮಾತ್ರವಲ್ಲ, ಬೇರೆ ಕಾರಣಗಳಿಂದ ಬರುವ ಭೇದಿಗೂ ಅದು ಉಪಯುಕ್ತವೆಂದು ತಿಳಿಯಿತು.

ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸಂಸ್ಥೆ 1980ರಿಂದ ಹತ್ತು ವರ್ಷಗಳ ಕಾಲ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಕಾರ್ಯಕರ್ತೆಯರನ್ನು ಕಳಿಸಿತು. ಪೊಟ್ಟಣ ಸಿಗದ ಹಳ್ಳಿಗಳಲ್ಲಿ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಕಲಿಸಿದರು. ಕೆಲವು ದಿನಗಳ ನಂತರ ಬೇರೆಯವರು ಹೋಗಿ, ತಾಯಂದಿರಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸುತ್ತಿದ್ದರು. ತಾಯಂದಿರು ಚೆನ್ನಾಗಿ ಕಲಿತಿದ್ದರೆ ಮಾತ್ರ ಕಲಿಸಿದವರಿಗೆ ಹೆಚ್ಚು ಸಂಬಳ!

ಸಂಶೋಧನೆ ಅಲ್ಲಿಗೇ ನಿಲ್ಲಲಿಲ್ಲ. ದ್ರಾವಣ ಇನ್ನೂ ಸ್ವಲ್ಪ ತಿಳಿಯಾಗಿದ್ದರೆ ಹೆಚ್ಚು ಒಳ್ಳೆಯದೆಂದು ಹಲವು ಪರೀಕ್ಷೆಗಳು ತೋರಿಸಿದವು. ಭೇದಿಯಾದ ಮಕ್ಕಳಲ್ಲಿ ವಾಂತಿ ಕಡಿಮೆಯಾಯಿತು. ಡ್ರಿಪ್ ಹಾಕಬೇಕಾದ ಸಂದರ್ಭಗಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾದವು. ಆದ್ದರಿಂದ 2002ರಲ್ಲಿ ಸೂತ್ರವನ್ನು ಬದಲಿಸಲಾಯಿತು. 2004ರಿಂದ ಓ.ಆರ್.ಎಸ್. ಜೊತೆಗೆ ಮಕ್ಕಳಿಗೆ 10ರಿಂದ 14 ದಿನ ಸತುವಿನ (ಜಿಂಕ್) ಮಾತ್ರೆಯನ್ನೂ ಕೊಡಬೇಕೆಂಬ ಸಲಹೆ ಬಂತು. ಇದರಿಂದ ಭೇದಿ ಬೇಗ ನಿಲ್ಲುತ್ತದೆ.

ಡಾ. ದಿಲೀಪ್ ಮಹಲನಬಿಸ್ 2022ರ ಅಕ್ಟೋಬರ್‌ನಲ್ಲಿ ಕೋಲ್ಕತ್ತದಲ್ಲಿ ನಿಧನರಾದರು. ಭಾರತ ಸರ್ಕಾರ 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ನೀಡಿ ಗೌರವಿಸಿತು.

ಇಷ್ಟಾದರೂ ಕೆಲಸ ಮುಗಿದಿಲ್ಲ. ಇಂದಿಗೂ ಜಗತ್ತಿನಲ್ಲಿ ಐದು ವರ್ಷದೊಳಗಿನ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿ ವರ್ಷ ಭೇದಿಯಿಂದ ಸಾಯುತ್ತಿದ್ದಾರೆ. ಔಷಧ ಇದೆ, ಅಗ್ಗವಾಗಿಯೂ ಇದೆ. ಅದು ಸಕಾಲಕ್ಕೆ ಮಗುವಿನ ಬಾಯಿಗೆ ತಲುಪಬೇಕು. ಇಲ್ಲಿ ನಿಮ್ಮ ತಿಳಿವಳಿಕೆಯೂ ಉಪಯೋಗಕ್ಕೆ ಬರುತ್ತದೆ.

ನಿಮಗಿದು ತಿಳಿದಿರಲಿ

1. ದ್ರಾವಣ ಮಾಡುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಕುದಿಸಿ ಆರಿಸಿದ ನೀರನ್ನು ಬಳಸಿ.
2. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ನೀರು ಹಾಕಿ. ಪುಡಿಯನ್ನು ಅರ್ಧ ಉಳಿಸಬೇಡಿ. ಬೇರೆ ಸಕ್ಕರೆ, ಉಪ್ಪು ಸೇರಿಸಬೇಡಿ.
3. ಮಾಡಿದ ದ್ರಾವಣವನ್ನು ಮುಚ್ಚಿಡಿ. 24 ಗಂಟೆಗಳ ನಂತರ ಉಳಿದದ್ದನ್ನು ಚೆಲ್ಲಿ ಹೊಸದನ್ನು ಮಾಡಿ.
4. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗ ಕಾಲು ಲೋಟದಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅರ್ಧ ಲೋಟದಿಂದ ಒಂದು ಲೋಟ ಕುಡಿಸಬೇಕು (ಒಂದು ಲೋಟ ಎಂದರೆ 200 ಮಿಲಿಲೀಟರ್). ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಮತ್ತೆ ಕುಡಿಸಬೇಕು.
5. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕದಡಬಹುದು. ಚಮಚ ಗೋಪುರದಂತೆ ತುಂಬಿರಬಾರದು, ಮಟ್ಟವಾಗಿರಬೇಕು.
6. ಮಗುವಿಗೆ ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಗಂಜಿ, ಮಜ್ಜಿಗೆ ಕೊಡಬಹುದು.
7. ಅಂಗಡಿಯ ಸಿಹಿ ಪಾನೀಯಗಳು ಓ.ಆರ್.ಎಸ್. ಅಲ್ಲ. ಅವುಗಳಲ್ಲಿ ಸಕ್ಕರೆ ಹೆಚ್ಚು, ಲವಣ ಕಡಿಮೆ. ಸರಿಯಾದ ಸೂತ್ರವಿಲ್ಲದ ಪಾನೀಯಗಳ ಮೇಲೆ ಓ.ಆರ್.ಎಸ್. ಎಂದು ಮುದ್ರಿಸಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.
8. ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಹೋದರೆ, ಮಂಕಾಗಿ ಬಿದ್ದುಕೊಂಡರೆ, ಕಣ್ಣು ಗುಳಿಬಿದ್ದರೆ ಅಥವಾ ಮೂತ್ರ ಬರದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಿಯಲ್ಲಿಯೂ ಕುಡಿಯಬಲ್ಲ ಮಗುವಿಗೆ ದ್ರಾವಣ ಕುಡಿಸುತ್ತಿರಬೇಕು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಆಲೂಗಡ್ಡೆ, ಎರಡು ಲೋಟ, ನೀರು, ಉಪ್ಪು.

ವಿಧಾನ: ಆಲೂಗಡ್ಡೆಯಿಂದ ಬೆರಳುದ್ದದ, ಒಂದೇ ದಪ್ಪದ ಎರಡು ತುಂಡುಗಳನ್ನು ದೊಡ್ಡವರ ಸಹಾಯದಿಂದ ಕತ್ತರಿಸಿ. ಒಂದು ಲೋಟದಲ್ಲಿ ಬರಿಯ ನೀರು ತೆಗೆದುಕೊಳ್ಳಿ. ಇನ್ನೊಂದು ಲೋಟದ ನೀರಿಗೆ ಮೂರು ನಾಲ್ಕು ಚಮಚ ಉಪ್ಪು ಹಾಕಿ ಕರಗಿಸಿ. ಎರಡರಲ್ಲೂ ಒಂದೊಂದು ತುಂಡನ್ನು ಹಾಕಿ ಮೂರು ಗಂಟೆ ಬಿಡಿ. ಆಮೇಲೆ ತೆಗೆದು ಮೆಲ್ಲಗೆ ಬಾಗಿಸಿ ನೋಡಿ.

ಏನಾಯಿತು? ಬರಿಯ ನೀರಿನಲ್ಲಿದ್ದ ತುಂಡು ಗಟ್ಟಿಯಾಗಿದೆ. ಉಪ್ಪುನೀರಿನಲ್ಲಿದ್ದದ್ದು ಮೆತ್ತಗಾಗಿ ಬಾಗುತ್ತದೆ. ಗಾಢವಾದ ಉಪ್ಪುನೀರು ಆಲೂಗಡ್ಡೆಯ ಜೀವಕೋಶಗಳೊಳಗಿನ ನೀರನ್ನು ಹೊರಕ್ಕೆ ಸೆಳೆದಿದೆ. ಹೀಗೆ ನೀರು ತಿಳಿ ದ್ರಾವಣದ ಕಡೆಯಿಂದ ಪೊರೆಯ ಮೂಲಕ ಗಾಢ ದ್ರಾವಣದ ಕಡೆಗೆ ಸರಿಯುವುದನ್ನು ಅಭಿಸರಣೆ ಎನ್ನುತ್ತೇವೆ.

ಈಗ ಯೋಚಿಸಿ. ಕರುಳಿನಲ್ಲಿ ಬಹಳ ಗಾಢವಾದ ಸಕ್ಕರೆ ಅಥವಾ ಉಪ್ಪಿನ ನೀರು ತುಂಬಿದರೆ, ದೇಹದ ನೀರು ಯಾವ ಕಡೆಗೆ ಹೋದೀತು? ದ್ರಾವಣದ ಅಳತೆ ಏಕೆ ತಪ್ಪಬಾರದು ಎಂಬುದಕ್ಕೆ ಇಲ್ಲಿಯೇ ಉತ್ತರವಿದೆ.

ಪ್ರಶ್ನೆಗಳು

1. ಭೇದಿಯಾದಾಗ ಬರಿಯ ನೀರು ಕುಡಿದರೆ ಏಕೆ ಸಾಲದು?
2. ಇಂದಿನ ಸೂತ್ರದ ಒಂದು ಲೀಟರ್ ಓ.ಆರ್.ಎಸ್.ನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಸೋಡಿಯಂ ಕ್ಲೋರೈಡ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತವೆ. ಪೊಟ್ಟಣದ ಪುಡಿಯ ಒಟ್ಟು ತೂಕ ಎಷ್ಟು?
3. 1,000 ಕಾಲರಾ ರೋಗಿಗಳಿದ್ದಾರೆ ಎಂದುಕೊಳ್ಳಿ. 100ಕ್ಕೆ 30 ಮಂದಿ ಸಾಯುವುದಾದರೆ ಎಷ್ಟು ಜನ ಉಳಿಯುತ್ತಾರೆ? 100ಕ್ಕೆ 4 ಮಂದಿ ಎಂದಾದರೆ ಎಷ್ಟು ಜನ ಉಳಿಯುತ್ತಾರೆ?
4. ಡಾ. ಚಟರ್ಜಿಯವರ ಪ್ರಯತ್ನಕ್ಕೆ ಸಿಗದ ಮನ್ನಣೆ ನಾಲಿನ್ ಮತ್ತು ಕ್ಯಾಶ್ ಅವರ ಪರೀಕ್ಷೆಗೆ ಸಿಕ್ಕಿತು. ಯಾಕಿರಬಹುದು? ತರಗತಿಯಲ್ಲಿ ಚರ್ಚಿಸಿ.
5. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಅಥವಾ ದಾದಿಯನ್ನು ಕಂಡು, ಮಳೆಗಾಲದಲ್ಲಿ ಎಷ್ಟು ಪೊಟ್ಟಣಗಳು ಬೇಕಾಗುತ್ತವೆ ಎಂದು ಕೇಳಿ ಬರೆದುಕೊಳ್ಳಿ. ಮನೆಗೆ ಹೋಗಿ ಅಮ್ಮ, ಅಜ್ಜಿಯರ ಎದುರಿಗೆ ದ್ರಾವಣವನ್ನು ಸರಿಯಾದ ಅಳತೆಯಲ್ಲಿ ಮಾಡಿ ತೋರಿಸಿ.

ಹೊಸ ಪದಗಳು

ನಿರ್ಜಲೀಕರಣ: ದೇಹದಲ್ಲಿ ನೀರು ಮತ್ತು ಲವಣಗಳು ಅಗತ್ಯಕ್ಕಿಂತ ಕಡಿಮೆಯಾಗುವುದು.
ದ್ರಾವಣ: ನೀರಿನಂಥ ದ್ರವದಲ್ಲಿ ಬೇರೆ ವಸ್ತು ಕರಗಿ ಆದದ್ದು.
ಅಭಿಸರಣೆ: ಪೊರೆಯ ಮೂಲಕ ನೀರು ತಿಳಿ ದ್ರಾವಣದಿಂದ ಗಾಢ ದ್ರಾವಣದ ಕಡೆಗೆ ಸರಿಯುವುದು.
ಶುಶ್ರೂಷೆ: ರೋಗಿಯ ಆರೈಕೆ.